ಸರ್ಕಸ್ ಕಲಿಯಲು ಹೊರದೇಶಕ್ಕೆ ಹೋದರೆ ತಪ್ಪೇನು?

ಮಗ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಟರೆ ಸಾಲ ಮಾಡಿಯಾದರೂ ಕಳುಹಿಸುವ ಮನೆಗಳಲ್ಲಿ, ಮಗಳು ಸರ್ಕಸ್ ಕಲಿಯಲು ಕೆನಡಾಕ್ಕೆ ಹೋಗುತ್ತೇನೆ ಎಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಚಿಕ್ಕಂದಿನಿಂದ ಮಲ್ಲಕಂಬ, ಅಂದರೆ ಕಂಬ ಮತ್ತು ಹಗ್ಗದ ಮೇಲಿನ ಕಸರತ್ತು, ಆಡಿಕೊಂಡು ಬಂದಿರುವ ನನ್ನ ಅಕ್ಕನ ಮಗಳ ವಿಷಯದಲ್ಲಿ ಈಗ ಆಗುತ್ತಿರುವುದು ಇದೇ. ನಾನು ಅವಳ ಪರ. ಏಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯರ ಹಿಂಜರಿಕೆಯಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ಹಗ್ಗದ ಮೇಲೆ ನಡೆದು ಹೊಟ್ಟೆ ಹೊರೆದ ದೊಂಬರನ್ನು ನಮ್ಮ ಸಮಾಜ ಕೀಳಾಗಿ ಕಂಡ ರೀತಿ. ಇದನ್ನು ಜಾತಿಯ ಅಹಂಕಾರವೆಂದೇ ಕರೆಯಬೇಕು, ಇದಕ್ಕೆ ಮನ್ನಣೆ ಕೊಡಬೇಕಾಗಿಲ್ಲ. ಇನ್ನೊಂದು, ಡೇರೆಗಳೊಳಗೆ ಮಕ್ಕಳನ್ನು ಹಿಂಸಿಸಿ ದುಡಿಸಿಕೊಂಡ ಇತಿಹಾಸ. ಆ ಭಯ ಸುಳ್ಳಲ್ಲ. ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಿಕೊಳ್ಳುವುದಕ್ಕೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು ಸರಿಯಾಗಿಯೇ ಇತ್ತು. ಆದರೆ ಮಕ್ಕಳನ್ನು ಅಲ್ಲಿಂದ ಬಿಡಿಸಿದ ಮೇಲೆ, ವಯಸ್ಕರಾಗಿ ಈ ವಿದ್ಯೆಯನ್ನು ಗೌರವದಿಂದ ಕಲಿಯಲು ಬಯಸುವವರಿಗೆ ನಾವು ಒಂದು ಒಳ್ಳೆಯ ಶಾಲೆಯನ್ನೂ ಉಳಿಸಿಕೊಳ್ಳಲಿಲ್ಲ. ಕೀಲೇರಿ ಕುಞಿಕಣ್ಣನ್ ಅವರು 1901ರಲ್ಲೇ ಸರ್ಕಸ್ ತರಬೇತಿ ಆರಂಭಿಸಿದ್ದ ತಲಶ್ಶೇರಿಯಲ್ಲಿ, ಕೇರಳ ಸರ್ಕಾರ 2010ರಲ್ಲಿ ತೆರೆದ ಸರ್ಕಸ್ ಅಕಾಡೆಮಿಯೂ ಹೆಚ್ಚು ಕಾಲ ಬಾಳಲಿಲ್ಲ. ಅದೇ ತಲಶ್ಶೇರಿಯ ಕಣ್ಣನ್ ಬೊಂಬಾಯೊ 1930ರ ದಶಕದಲ್ಲಿ ಯುರೋಪು, ಅಮೆರಿಕಗಳ ಡೇರೆಗಳಲ್ಲಿ ಹಗ್ಗದ ಮೇಲೆ ಜಿಗಿದು ಹೆಸರು ಮಾಡಿದ್ದರೆಂಬುದನ್ನು ನೆನೆದರೆ, ಈ ಪ್ರಯಾಣ ಹೊಸದೇನೂ ಅಲ್ಲ.

ಈಗ ಹೋಗುವವರು ಹೆಚ್ಚಾಗಿ ನೋಡುವುದು ಕೆನಡಾದ ಮಾಂಟ್ರಿಯಲ್ ಕಡೆಗೆ. 1981ರಲ್ಲಿ ಶುರುವಾದ ಅಲ್ಲಿನ ರಾಷ್ಟ್ರೀಯ ಸರ್ಕಸ್ ಶಾಲೆ ಸರ್ಕಸ್ ಕಲೆಯಲ್ಲಿ ಡಿಪ್ಲೊಮಾ ಕೊಡುತ್ತದೆ. ಪ್ರವೇಶ ಸಿಗುವುದು ಆಡಿಷನ್ ಮೂಲಕ, ಊರಿನ ಭಾಷೆ ಫ್ರೆಂಚ್. ಅಲ್ಲಿ ದೀರ್ಘಾವಧಿ ಓದಲು ಕೆನಡಾದ ಪರವಾನಗಿಯ ಜೊತೆಗೆ ಆ ಊರಿರುವ ಕ್ವಿಬೆಕ್ ಪ್ರಾಂತ್ಯದ ಪ್ರತ್ಯೇಕ ಒಪ್ಪಿಗೆ ಪತ್ರವೂ ಬೇಕು. ಫ್ರಾನ್ಸಿನ ಶಾಲೋನ್ ನಗರದಲ್ಲಿ 1985ರಿಂದ ಇಂಥದ್ದೇ ರಾಷ್ಟ್ರೀಯ ಕೇಂದ್ರವಿದೆ. ಅಲ್ಲೆಲ್ಲ ಇದು ನೃತ್ಯ, ನಾಟಕಗಳ ಸಾಲಿನಲ್ಲಿ ನಿಲ್ಲುವ ಕಲೆ.

ನಮ್ಮ ಮಕ್ಕಳು ಅಲ್ಲಿಗೆ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದೇ ನನ್ನ ಮುಖ್ಯ ಮಾತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ ಎಂಬ ಗ್ರಂಥದಲ್ಲೇ ಮಲ್ಲಸ್ತಂಭದ ಪ್ರಸ್ತಾಪವಿದೆ. ಸರ್ಕಸ್ಸಿನವರ ಚೀನೀ ಕಂಬ ರಬ್ಬರು ಸುತ್ತಿದ ಉಕ್ಕಿನದು. ಅದನ್ನು ಹತ್ತುವವರು ದಪ್ಪ ಬಟ್ಟೆ, ಬೂಟು ತೊಡುತ್ತಾರೆ. ಮಲ್ಲಕಂಬದವರು ಹರಳೆಣ್ಣೆ ಸವರಿದ ಮರದ ಕಂಬವನ್ನು ಬರಿಮೈಯ ಹಿಡಿತದಿಂದಲೇ ಏರುತ್ತಾರೆ. ಹಗ್ಗದ ಮಲ್ಲಕಂಬದಲ್ಲಂತೂ ಕಾಲ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹತ್ತಿಯ ಹಗ್ಗವನ್ನು ಕಚ್ಚಿ ಹಿಡಿದು ಮೇಲೇರಬೇಕು. ಆ ಜಾಗದ ಚರ್ಮ ಗಟ್ಟಿಯಾಗುವವರೆಗೆ ಸುಲಿದು ಉರಿಯುತ್ತದೆ. ಅಕ್ಕನ ಮಗಳು ಆ ಉರಿಯನ್ನು ದಾಟಿ ಬಂದವಳು. 2018ರಲ್ಲಿ ಸರ್ಕ್ ದು ಸೊಲೇಯ್ ಎಂಬ ಕೆನಡಾದ ಸರ್ಕಸ್ ಕಂಪನಿ ತನ್ನ ‘ಬಜಾರ್’ ಪ್ರದರ್ಶನವನ್ನು ಮುಂಬೈಯಲ್ಲಿ ಆರಂಭಿಸಿದಾಗ ಅದರಲ್ಲಿ ಮಲ್ಲಕಂಬಕ್ಕೂ ಜಾಗವಿತ್ತು.

ಹಾಗೆಂದು ಕಣ್ಣು ಮುಚ್ಚಿಕೊಂಡು ಹೋಗಿ ಎನ್ನುತ್ತಿಲ್ಲ. ಅದೇ ಕಂಪನಿಯಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪಳಗಿದ ಕಲಾವಿದರೊಬ್ಬರು 2018ರಲ್ಲಿ ಫ್ಲಾರಿಡಾದ ವೇದಿಕೆಯಲ್ಲಿ ಬಿದ್ದು ಪ್ರಾಣ ಕಳೆದುಕೊಂಡರು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕಂಪನಿ ತನ್ನ ಸಿಬ್ಬಂದಿಯಲ್ಲಿ ಶೇ 95ರಷ್ಟು ಜನರನ್ನು ಕೆಲಸದಿಂದ ಇಳಿಸಿತು. ವೀಸಾ ಕೆಲಸಕ್ಕೆ ಅಂಟಿಕೊಂಡಿದ್ದರೆ, ಕೆಲಸ ಹೋದ ದಿನ ಊಟದ ಜೊತೆಗೆ ಆ ದೇಶದಲ್ಲಿರುವ ಹಕ್ಕೂ ಅಲುಗಾಡುತ್ತದೆ. ಆದ್ದರಿಂದ ಮನೆಯವರು ‘ಸರ್ಕಸ್ಸಾ?’ ಎಂದು ಮುಖ ತಿರುಗಿಸುವ ಬದಲು ಕರಾರುಪತ್ರವನ್ನು ಕೈಗೆ ತೆಗೆದುಕೊಂಡು ಓದಬೇಕು. ತಾಲೀಮಿನ ದಿನಗಳಿಗೆ ಸಂಬಳ ಇದೆಯೇ, ಭುಜದ ಕೀಲು ತಪ್ಪಿದರೆ ಆಸ್ಪತ್ರೆಯ ಖರ್ಚು ಯಾರದು, ವಾಸಿಯಾಗುವವರೆಗೆ ಎಷ್ಟು ಕೊಡುತ್ತಾರೆ, ವಾಪಸ್ ಟಿಕೆಟ್ ಯಾರು ತೆಗೆಯುತ್ತಾರೆ, ಪಾಸ್‌ಪೋರ್ಟ್ ಯಾರ ಬಳಿ ಇರುತ್ತದೆ ಎಂದು ಕೇಳಬೇಕು. ಪಾಸ್‌ಪೋರ್ಟ್ ತನ್ನ ಬಳಿ ಇಟ್ಟುಕೊಳ್ಳುತ್ತೇನೆ ಎನ್ನುವ ಏಜೆಂಟ್ ಎಷ್ಟೇ ನಯವಾಗಿ ಮಾತಾಡಲಿ, ಅಲ್ಲಿಂದ ಎದ್ದು ಬರಬೇಕು.

ಸರ್ಕಾರದ ಪಾಲೂ ಇದರಲ್ಲಿದೆ. ಮಲ್ಲಕಂಬ ಇಂದು ಖೇಲೋ ಇಂಡಿಯಾ ಯುವ ಕ್ರೀಡಾಕೂಟದವರೆಗೆ ಬಂದಿದೆ, ಉತ್ತರ ಕರ್ನಾಟಕದ ಹಳ್ಳಿಗಳ ಮಕ್ಕಳು ಪದಕ ತರುತ್ತಾರೆ, ಸನ್ಮಾನವೂ ಆಗುತ್ತದೆ. ಆದರೆ ಶಾಲು ಹೊದಿಸಿದ ಮರುದಿನದಿಂದ ಅವರು ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಆಡಿಷನ್‌ಗೆ ಹೋಗಿಬರುವ ಖರ್ಚು, ಒಂದಿಷ್ಟು ಫ್ರೆಂಚ್ ಪಾಠ, ಕರಾರುಪತ್ರ ಓದಿ ಹೇಳುವ ಒಬ್ಬ ವಕೀಲರು ಸಿಕ್ಕರೆ ಈ ಮಕ್ಕಳಲ್ಲಿ ಕೆಲವರಾದರೂ ಏಜೆಂಟರ ಹಂಗಿಲ್ಲದೆ ನೇರವಾಗಿ ಆ ಶಾಲೆಗಳ ಬಾಗಿಲು ತಟ್ಟಬಲ್ಲರು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇಷ್ಟನ್ನು ಮಾಡಿಸಿಕೊಡಿ.