ಸ್ಪಷ್ಟನೆ: ಅಂಕಿತ ಬಿದ್ದ ಮಾತ್ರಕ್ಕೆ ಕಾನೂನು ಜಾರಿಯಾಗದು

‘ರಾಷ್ಟ್ರಪತಿಯವರ ಅಂಕಿತ ಬಿದ್ದ ದಿನವೇ ಕೇಂದ್ರದ ಎಲ್ಲ ಕಾಯ್ದೆಗಳೂ ಜಾರಿಗೆ ಬರುತ್ತವೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧಸತ್ಯ. ಕಾಯ್ದೆಯಲ್ಲಿ ಬೇರೇನೂ ಹೇಳದಿದ್ದರೆ ಮಾತ್ರ ಹಾಗೆ. ‘ಸರ್ಕಾರ ಅಧಿಸೂಚಿಸುವ ದಿನದಿಂದ’ ಎಂದಿದ್ದರೆ, ರಾಜ್ಯಪತ್ರದಲ್ಲಿ (ಗೆಜೆಟ್) ಅಧಿಸೂಚನೆ ಹೊರಬೀಳುವವರೆಗೆ ಅದು ಬರೀ ಕಾಗದ. ದೇಶದ ಎಲ್ಲ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕನ್ನು ವಕೀಲರಿಗೆ ಕೊಟ್ಟ 1961ರ ವಕೀಲರ ಕಾಯ್ದೆಯ 30ನೇ ಸೆಕ್ಷನ್ ಜಾರಿಯಾದದ್ದು 2011ರ ಜೂನ್ 15ರಂದು. ಐವತ್ತು ವರ್ಷ!

ಇನ್ನೂ ನೋವಿನ ಸಂಗತಿ ಸಂವಿಧಾನದ 44ನೇ ತಿದ್ದುಪಡಿಯದು. ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಒಬ್ಬರನ್ನು ಮುನ್ನೆಚ್ಚರಿಕೆ ಬಂಧನದಲ್ಲಿ (ಮುಂದೆ ತಪ್ಪು ಮಾಡಬಹುದೆಂಬ ಶಂಕೆಯಿಂದ, ವಿಚಾರಣೆಯಿಲ್ಲದೆ) ಇಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸಿದ ಅದರ 3ನೇ ಸೆಕ್ಷನ್ ದಶಕಗಳು ಕಳೆದರೂ ಜಾರಿಗೆ ಬಂದಿಲ್ಲ. ಜಾರಿಗೊಳಿಸಿ ಎಂದು ಸರ್ಕಾರಕ್ಕೆ ಆದೇಶಿಸಲಾಗದೆಂದು ಇಂಥ ಬಂಧನವನ್ನು ಪ್ರಶ್ನಿಸಿದ್ದ ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 1988ರಲ್ಲಿ, ವಕೀಲರ ಕಾಯ್ದೆಯ ವಿಚಾರದಲ್ಲಿ, ಜಾರಿಯ ಕಾಲ ಬಂದಿದೆಯೇ ಎಂದು ಪರಿಶೀಲಿಸುವಂತೆ ಸರ್ಕಾರಕ್ಕೆ ಅದೇ ನ್ಯಾಯಾಲಯ ಸೂಚಿಸಿತು.