ಮೂರನೇ ತ್ರೈಮಾಸಿಕದ ಸಮುರಾಯ್

ಡೊಂಬಿವಲಿಯಲ್ಲಿ ಮಳೆಗಾಲ ಕಳೆದರೆ ಉಳಿಯುವುದು ಬೇಸಿಗೆಯೊಂದೇ. ನಮ್ಮ ಮನೆಯೊಳಗೆ ಮಾತ್ರ ನಾಲ್ಕು ಕಾಲ: ಒಂದನೇ ತ್ರೈಮಾಸಿಕ, ಎರಡನೇದು, ಮೂರನೇದು, ನಾಲ್ಕನೇದು. ಇವರು ಮುಂಗಡ ಕಟ್ಟಿ ಹೊರದೇಶದಿಂದ ತರಿಸುವ ಸಂಗ್ರಹದ ಗೊಂಬೆ ಯಾವ ತ್ರೈಮಾಸಿಕದಲ್ಲಿ ಬರುತ್ತದೆಂದು ಮಾರುವವರು ಹೇಳಿರುತ್ತಾರೋ ಅದರಲ್ಲಿ ಬರುವುದಿಲ್ಲ, ಅಷ್ಟು ಖಾತ್ರಿ.

ನಮ್ಮ ಮನೆಯವರು ಬುಕ್ ಮಾಡಿದ್ದು ಒಬ್ಬ ಸಮುರಾಯ್‌ನನ್ನು, ಅಂದರೆ ಹಳೆಯ ಕಾಲದ ಜಪಾನಿ ಯೋಧನನ್ನು. ನಿಜವಾದ ಆಳಿನ ಆರನೇ ಒಂದು ಅಳತೆ, ಅಂದರೆ ಸುಮಾರು 30 ಸೆಂ.ಮೀ. ಎತ್ತರ. ಲೋಹದ ಕವಚ, ನಿಜವಾದ ಬಟ್ಟೆ, ಒರೆಯಿಂದ ಹಿರಿಯಬಹುದಾದ ಕತ್ತಿ, ಬೇಕಾದಂತೆ ಬದಲಿಸಲು ಆರು ಜೋಡಿ ಕೈ. ಬೆಲೆ ಬರೆಯುವುದಿಲ್ಲ, ಧಾರವಾಡದಲ್ಲಿ ನನ್ನ ತವರಿನವರು ಓದುತ್ತಾರೆ. ಅತ್ತೆಗೆ ಹೇಳುವಾಗ ಇವರು ಒಂದು ಸೊನ್ನೆಯನ್ನೇ ನುಂಗಿದ್ದರು. ಅಷ್ಟಕ್ಕೇ ಅವರು, "ಇಷ್ಟ ರೊಕ್ಕದಾಗ ಕಿನ್ನಾಳದಿಂದ ಚೀಲಗಟ್ಟಲೆ ಗೊಂಬಿ ಬರ್ತಿದ್ವಲ್ಲೋ" ಅಂದರು.

"ಆರು ಜೋಡಿ ಕೈ ಅದಾವ ಬೇ ಇದಕ್ಕ."

"ದುರ್ಗವ್ವಗ ಎಂಟ ಕೈ. ಒಂದನ್ನರ ಬಿಚ್ಚಿ ಡಬ್ಬ್ಯಾಗ ಇಡ್ತೇವೇನು?"

ಇವರ ಬಳಿ ಉತ್ತರವಿರಲಿಲ್ಲ.

ಈ ವ್ಯವಹಾರದ ಕ್ರಮವೇ ವಿಚಿತ್ರ. ಮೊದಲು ಮಾದರಿ ಗೊಂಬೆಯ ಫೋಟೋ ಬರುತ್ತದೆ. ಅದನ್ನು ಒಬ್ಬ ಕಲಾವಿದ ಕೂತು ಕೈಯಿಂದಲೇ ಬಣ್ಣ ಹಚ್ಚಿ ಮಾಡಿರುತ್ತಾನೆ. ಹಣೆಯ ನೆರಿಗೆ, ಕೆನ್ನೆಯ ಗಾಯದ ಗುರುತು, ಕಣ್ಣಂಚಿನ ತೇವ ಎಲ್ಲ ಕಾಣುತ್ತವೆ. ಅದನ್ನು ನೋಡಿ ನಾವು ಮುಂಗಡ ಕಟ್ಟಬೇಕು, ಬೇಡವಾದರೆ ಆ ದುಡ್ಡು ವಾಪಸ್ಸಿಲ್ಲ. ನಮ್ಮ ಮನೆಗೆ ಬರುವವನು ಮಾತ್ರ ಬೇರೆ. ಅವನು ಉಕ್ಕಿನ ಅಚ್ಚಿನಿಂದ ಸಾವಿರಾರು ಅಣ್ಣತಮ್ಮಂದಿರ ಜೊತೆ ಎದ್ದು ಬಂದವನು, ಕೈಯಿಂದ ಕೈಗೆ ಸಾಗುತ್ತ ಬಣ್ಣ ಹಚ್ಚಿಸಿಕೊಂಡವನು. ಅವನ ಕಣ್ಣು ಒಂದು ಅಕ್ಕಿಕಾಳಿನಷ್ಟು. ಅದರ ಮೇಲಿನ ಗೆರೆ ಕೂದಲೆಳೆಯಷ್ಟು ದಪ್ಪವಾದರೂ ಸಾಕು, ಯುದ್ಧಕ್ಕೆ ನಿಂತವನು ರಾತ್ರಿಪಾಳಿ ಮುಗಿಸಿ ಬಂದವನಂತೆ ಕಾಣುತ್ತಾನೆ.

ಗಣೇಶನ ಮೂರ್ತಿಯನ್ನೂ ನಾವು ಎರಡು ತಿಂಗಳು ಮೊದಲೇ ಮುಂಗಡ ಕೊಟ್ಟು ಗೊತ್ತುಮಾಡುತ್ತೇವೆ. ರಾಯಗಡ ಜಿಲ್ಲೆಯ ಪೇಣದಿಂದ ಬರುವ ಮೂರ್ತಿ, ಅಲ್ಲಿಯವರ ಕಣ್ಣಿನ ಕೆಲಸಕ್ಕೆ ಮುಂಬಯಿಯೆಲ್ಲ ತಲೆಬಾಗುತ್ತದೆ. ಆದರೂ ಚೌತಿಯ ಹಿಂದಿನ ದಿನ ನಾನು ಅಂಗಡಿಯಲ್ಲಿ ಎರಡೂ ಕಣ್ಣು ಸರಿಯಾಗಿ ನೋಡದೆ ಮೂರ್ತಿ ಎತ್ತುವುದಿಲ್ಲ. ಒಮ್ಮೆ ಬಲಗಣ್ಣು ತುಸು ಮೇಲಾಗಿತ್ತು. ಮೂರ್ತಿಕಾರ ಗೊಣಗುತ್ತಲೇ ಕುಂಚ ತೆಗೆದು, ಉಸಿರು ಬಿಗಿಹಿಡಿದು ಒಂದು ಗೆರೆ ಎಳೆದ. ಬಪ್ಪ ಸರಿಹೋದ. ಈ ಸಮುರಾಯ್‌ನ ಮೂರ್ತಿಕಾರ ಚೀನಾದ ಯಾವುದೋ ಕಾರ್ಖಾನೆಯಲ್ಲಿದ್ದಾನೆ. ಗೊಣಗುವುದಿದ್ದರೂ ಇ-ಮೇಲ್‌ನಲ್ಲಿ ಗೊಣಗಬೇಕು.

ಇ-ಮೇಲ್‌ಗಳಿಗೆ ಮಾತ್ರ ಕೊರತೆಯಿರಲಿಲ್ಲ. ಚೀನೀ ಹೊಸವರ್ಷಕ್ಕೆ ಕಾರ್ಖಾನೆ ರಜೆ. ಆಮೇಲೆ ಬಟ್ಟೆ ತಡ. ಆಮೇಲೆ ಬಂದದ್ದು ಎಲ್ಲಕ್ಕಿಂತ ಭಯಂಕರವಾದದ್ದು: ಗುಣಮಟ್ಟ ಹೆಚ್ಚಿಸಲು ಇನ್ನಷ್ಟು ಸಮಯ ತೆಗೆದುಕೊಳ್ಳುತ್ತಿದ್ದೇವೆ.

"ಹೆಚ್ಚಿಸೋದು ಅಂದ್ರ? ಮದಲ ಹೆಂಗಿತ್ತು?" ಎಂದು ಇವರು ಊಟ ಬಿಟ್ಟು ಎದ್ದರು. ಆ ಹೊತ್ತಿಗೆ ಬೇರೆ ದೇಶದವರಿಗೆ ತಲುಪಿದ ಗೊಂಬೆಗಳ ಫೋಟೋ ಬರತೊಡಗಿದ್ದವು. ಒಬ್ಬನ ಮೊಣಕಾಲು ಸಡಿಲ, ನಿಲ್ಲಿಸಿದರೆ ನಮಾಜಿಗೆ ಬಾಗಿದಂತೆ ಬಾಗುತ್ತಾನೆ. ಇನ್ನೊಬ್ಬನ ಕುತ್ತಿಗೆಯ ಬಣ್ಣ ಕಾಲರಿಗೆ ಅಂಟಿದೆ. ರಾತ್ರಿ ಹನ್ನೊಂದಕ್ಕೆ ಇವರು ಅಪರಿಚಿತರ ಸಮುರಾಯ್‌ಗಳ ಮುಖ ದೊಡ್ಡದು ಮಾಡಿ ನನಗೆ ತೋರಿಸುವುದು, ನಾನು ನಿದ್ದೆಗಣ್ಣಲ್ಲಿ ಅಭಿಪ್ರಾಯ ಕೊಡುವುದು. ಕ್ರಮೇಣ ಲೋಕಲ್‌ನಲ್ಲಿ ಎದುರು ಕೂತವರ ಕಣ್ಣುಗಳು ಒಂದೇ ಮಟ್ಟದಲ್ಲಿವೆಯೇ ಎಂದು ನೋಡುವ ಚಟ ನನಗೂ ಹತ್ತಿತು. ಹೇಳುತ್ತೇನೆ ಕೇಳಿ, ಯಾರವೂ ಇಲ್ಲ.

ಇನ್ನು ಸುಂಕ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಜಿಗಿಯಿತು, 2023ರಲ್ಲಿ 70 ಆಯಿತು. ಸಾಲದ್ದಕ್ಕೆ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ನಮ್ಮವನ ಡಬ್ಬಿಯ ಮೇಲೆ 15 ದಾಟಿದವರಿಗೆ ಮಾತ್ರ ಎಂದು ಬರೆದಿತ್ತು. ಆದರೆ ಡಬ್ಬಿ ತೆರೆದ ಅಧಿಕಾರಿಗೆ ಕಂಡದ್ದು ಗೊಂಬೆ, ಮತ್ತು ಹನ್ನೆರಡು ಕೈ. ಕೊರಿಯರ್‌ನವರು ಕೆವೈಸಿ ಕೇಳಿದಾಗ ಇವರು ಎಷ್ಟು ಉತ್ಸಾಹದಿಂದ ಆಧಾರ್ ಕಳಿಸಿದರೆಂದರೆ, ತಮಗೆ 47 ಎಂದು ಜಗತ್ತಿಗೆ ಸಾರಿ ಹೇಳುವ ಅವಕಾಶಕ್ಕೇ ಕಾದಿದ್ದಂತಿತ್ತು.

ಕೊನೆಗೆ ಅವನು ಬಂದ, ಅದೂ ಜುಲೈನಲ್ಲಿ. ಗೋಡೆಯೇ ಬೆವರುವ ತಿಂಗಳು. ಈ ಹವೆಯಲ್ಲಿ ರೆಕ್ಸಿನ್ನಿನ ಮೇಲ್ಪದರ ತೇವ ಹೀರಿ ಹೀರಿ ಮುಟ್ಟದೆ ಇಟ್ಟರೂ ಉದುರುತ್ತದೆ, ನನ್ನ ಹಳೆಯ ಪರ್ಸೇ ಸಾಕ್ಷಿ. ಅವನ ಬೆಲ್ಟು, ಕೈಗವಸು ಎಲ್ಲ ಅದೇ ರೆಕ್ಸಿನ್. ಹಾಗಾಗಿ ಇವರು ಮನೆಯ ಚಪ್ಪಲಿ ಡಬ್ಬಿಗಳಲ್ಲಿದ್ದ ಸಿಲಿಕಾ ಜೆಲ್ ಪೊಟ್ಟಣಗಳನ್ನೆಲ್ಲ ಹೆಕ್ಕಿ ಗಾಜಿನ ಕಪಾಟಿನಲ್ಲಿ ಹಾಸಿದರು. ಉಪ್ಪಿನ ಭರಣಿಗೆ ಎರಡು ಕೊಡಿ ಅಂದೆ, ಕೊಡಲಿಲ್ಲ.

ಡಬ್ಬಿ ತೆರೆಯುವುದನ್ನು ವಿಡಿಯೊ ಮಾಡಬೇಕಂತೆ, ಮುಂದೆ ದೂರು ಕೊಡುವುದಿದ್ದರೆ ಬೇಕಾಗುತ್ತದೆ. ನಾನು ಮೊಬೈಲ್ ಹಿಡಿದೆ, ಇವರು ಕತ್ತರಿ ಹಿಡಿದರು. ಕವಚ ಅದ್ಭುತ, ಕತ್ತಿ ಸರ್ರನೆ ಹೊರಬಂತು, ಮೊಣಕಾಲು ಗಟ್ಟಿ. ಇವರ ಮುಖ ಅರಳಿತು. ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಇಂವಾ ಯಾರನ್ನ ನೋಡಾಕತ್ತಾನ? ಒಂದ ಕಣ್ಣ ನನ್ನ ಕಡೆ, ಒಂದ ಗ್ಯಾಸಿನ ಕಡೆ."

ವಿಡಿಯೊದಲ್ಲಿ ಆಮೇಲೆ ಅರ್ಧ ನಿಮಿಷ ಫ್ಯಾನಿನ ಸದ್ದು ಮಾತ್ರ ಇದೆ.

"ತಾ ಇಲ್ಲೆ, ಒಂಚೂರ ಕಾಡಿಗಿ ಹಚ್ಚಿ ಸರಿ ಮಾಡ್ತೇನಿ" ಎಂದು ಅತ್ತೆ ಕೈಚಾಚಿದರು. ಇವರು ಸಮುರಾಯ್‌ನನ್ನು ಎದೆಗವಚಿಕೊಂಡು ಬಾಲ್ಕನಿಗೆ ಓಡಿದ್ದು ನಮ್ಮ ಸೊಸೈಟಿಯ ವಾಚ್‌ಮನ್‌ಗೂ ಕಂಡಿದೆ.

ಮಾರಿದವರು ಮೊದಲು, ಇಷ್ಟು ವ್ಯತ್ಯಾಸ ಉತ್ಪಾದನೆಯಲ್ಲಿ ಸಹಜ ಎಂದರು. ಇವರು ಬಿಳಿ ಪಂಚೆ ಹಿನ್ನೆಲೆಗೆ ಕಟ್ಟಿ, ಮೋಡ ಸರಿದಾಗಲೆಲ್ಲ ಫೋಟೋ ತೆಗೆದು, ಕಣ್ಣಿಂದ ಕಣ್ಣಿಗೆ ಸ್ಕೇಲಿಟ್ಟು ಗೆರೆ ಎಳೆದು ಕಳಿಸಿದರು. ಬ್ಯಾಂಕಿನ ಆಡಿಟ್‌ಗೂ ಇಷ್ಟು ಶ್ರದ್ಧೆಯಿಂದ ಕಾಗದ ತಯಾರಿಸಿದವರಲ್ಲ. ಮೂರನೆಯ ಪತ್ರಕ್ಕೆ ಅವರು ಸೋತರು: ಗೊಂಬೆ ವಾಪಸ್ ಬೇಡ, ಬದಲಿ ತಲೆ ಕಳಿಸುತ್ತೇವೆ.

ಬದಲಿ ತಲೆಯೂ ಕಾರ್ಖಾನೆಯಿಂದಲೇ ಬರಬೇಕು, ಅದಕ್ಕೂ ಕಸ್ಟಮ್ಸ್ ಇದೆ, ಕೆವೈಸಿ ಇದೆ. ಈ ಸಲ ಇವರು ನನ್ನ ನಂಬರ್ ಕೊಟ್ಟಿದ್ದರು. ಒಂದು ಸಂಜೆ ಲೇಡೀಸ್ ಡಬ್ಬಿಯಲ್ಲಿ ಠಾಣೆ ದಾಟುತ್ತಿದ್ದಾಗ ಫೋನ್ ಬಂತು. ಆ ಗದ್ದಲದಲ್ಲಿ ಏನೂ ಕೇಳಿಸದೆ ಸ್ಪೀಕರ್ ಹಾಕಿದೆ. "ಮೇಡಂ, ಬಿಲ್ಲಿನ ಮೇಲೆ ತಲೆ, ಒಂದು, ಅಂತ ಬರೆದಿದೆ. ಯಾರ ತಲೆ ಇದು?"

ಅಕ್ಕಪಕ್ಕದವರೆಲ್ಲ ನನ್ನತ್ತ ತಿರುಗಿದರು.

"ನಮ್ಮ ಯಜಮಾನರದು" ಎಂದೆ. "ಹಳೆಯದು ಸರಿಯಿರಲಿಲ್ಲ."