ಸತ್ಯಾಂಶ: ಆ ಕೆಂಪು ಹೊಳಪು ಕಪ್ಪುರಂಧ್ರದ್ದಲ್ಲ

ಮೆಸಿಯೆ 77 ಗ್ಯಾಲಕ್ಸಿಯ ಅವಕೆಂಪು (ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಶಾಖಕಿರಣಗಳ) ಚಿತ್ರದ ನಡುವೆ ಹೊಳೆಯುವುದು ಕಪ್ಪುರಂಧ್ರವೇ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ, ಇದು ಸರಿಯಲ್ಲ. ಕಪ್ಪುರಂಧ್ರದೊಳಗಿನಿಂದ ಬೆಳಕು ಹೊರಬರಲಾರದು. ಸುಮಾರು 4.7 ಕೋಟಿ ಜ್ಯೋತಿರ್ವರ್ಷ ದೂರದ ಆ ಗ್ಯಾಲಕ್ಸಿಯ ಕೇಂದ್ರದಲ್ಲಿ, ಕಪ್ಪುರಂಧ್ರದತ್ತ ಸುತ್ತುತ್ತ ಬೀಳುವ ಅನಿಲವು ವಿಪರೀತ ಕಾದು ಸೂಸುವ ನೇರಳಾತೀತ ಮತ್ತು ಗೋಚರ ಬೆಳಕನ್ನು ಸುತ್ತಲಿನ ಧೂಳು ಹೀರಿಕೊಂಡು, ತಾನೂ ಬಿಸಿಯಾಗಿ, ಆ ಶಕ್ತಿಯನ್ನು ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. ದೂರದರ್ಶಕ ಅಲ್ಲಿ ಮುಖ್ಯವಾಗಿ ಸೆರೆಹಿಡಿಯುವುದು ಈ ಧೂಳಿನ ಕಾವನ್ನು. ಚಿಲಿಯ ಪರಾನಾಲ್ ವೀಕ್ಷಣಾಲಯದಲ್ಲಿ ಹಲವು ದೂರದರ್ಶಕಗಳ ಬೆಳಕನ್ನು ಒಗ್ಗೂಡಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ಅವಲೋಕನದಲ್ಲಿ, ಧೂಳಿನ ಉಷ್ಣತೆ ಸಾಧಾರಣ ಕೋಣೆಯ ಮಟ್ಟದಿಂದ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುವುದು ಕಂಡುಬಂದಿತು. ಕಪ್ಪುರಂಧ್ರವಾದರೋ ದಟ್ಟ ಧೂಳಿನುಂಗುರದ ಮರೆಯಲ್ಲಿತ್ತು. ಚಿತ್ರದ ಕೆಂಪು ಬಣ್ಣ, ಕಣ್ಣಿಗೆ ಕಾಣದ ತರಂಗಾಂತರಗಳಿಗೆ ವಿಜ್ಞಾನಿಗಳು ಹೊಂದಿಸಿದ್ದು. ಹಾಗೆಂದು ಅದರ ಹಿಂದಿನ ಅಳತೆಗಳು ಕಲ್ಪಿತವಲ್ಲ.